ಮೊದಲು ಕಿಟಕಿ ನೋಡಿ, ಆಮೇಲೆ ಗಿಡ

"ಏನೂ ಮಾಡದಿದ್ದರೂ ಬದುಕೋ ಗಿಡ ಕೊಡಿ." ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಆಫೀಸುಗಳಿಗೂ ಗಿಡ ಹೊಂದಿಸಿಕೊಡುವ ನನಗೆ ಹೊಸ ಗಿರಾಕಿಗಳು ಹೇಳುವ ಮೊದಲ ಮಾತು ಇದು. ಅಂಥ ಗಿಡಗಳು ಇವೆ. ಆದರೆ ಏನೂ ಮಾಡದೆ ಸುಮ್ನೆ ಇರುವುದು ನಮ್ಮ ಜನರಿಗೆ ಬಹಳ ಕಷ್ಟ. ಬೆಳಗ್ಗೆ ಕಾಫಿ ಲೋಟ ಹಿಡಿದು ಗಿಡದ ಮುಂದೆ ನಿಂತರೆ ಕೈ ತಾನಾಗಿಯೇ ನೀರಿನ ಚೊಂಬಿಗೆ ಹೋಗುತ್ತದೆ. ಗಟ್ಟಿ ಗಿಡಗಳು ಒಣಗಿ ಸತ್ತದ್ದನ್ನು ನಾನು ನೋಡಿದ್ದು ಕಡಿಮೆ. ಬೇರು ಕೊಳೆತು ಸತ್ತವೇ ಜಾಸ್ತಿ.

ನರ್ಸರಿಯಲ್ಲಿ "ವಾರಕ್ಕೆರಡು ಸಲ ನೀರು ಹಾಕಿ, ಸಾಕು" ಎಂದು ಹೇಳಿ ಕಳಿಸುತ್ತಾರೆ. ಅವರ ಹಸಿರು ಬಲೆಯ ಕೆಳಗೆ ಆ ಲೆಕ್ಕ ಸರಿ. ಅಲ್ಲಿ ಬೆಳಕು ಧಾರಾಳ, ಗಾಳಿಯೂ ಆಡುತ್ತದೆ. ಅದೇ ಗಿಡವನ್ನು ಟಿವಿ ಪಕ್ಕದ ಮೂಲೆಗೆ ತಂದಿಟ್ಟರೆ ಲೆಕ್ಕ ಕೆಡುತ್ತದೆ. ಗಿಡ ನೀರು ಕುಡಿಯುವುದು ಬೆಳಕು ಸಿಕ್ಕಷ್ಟು. ಕುಡಿಯದೆ ಉಳಿದ ನೀರು ಬೇರಿನ ಸುತ್ತ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಮುಂಗಾರಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಮಂಗಳೂರು ಕಡೆಯವರಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೊಂಬು ಅಡಗಿಸಿಟ್ಟರೂ ನಷ್ಟವಿಲ್ಲ.

ಹಾಗಾಗಿ ಗಿಡ ಆರಿಸುವ ಮೊದಲು ಜಾಗ ನೋಡಬೇಕು. ನಮ್ಮ ಕಣ್ಣು ಮಬ್ಬಿಗೆ ಬೇಗ ಹೊಂದಿಕೊಳ್ಳುತ್ತದೆ, ಅದನ್ನು ನಂಬಬೇಡಿ. ನಡುಮಧ್ಯಾಹ್ನ ಆ ಜಾಗದಲ್ಲಿ ಬಿಳಿ ಹಾಳೆ ಇಟ್ಟು, ಒಂದು ಅಡಿ ಮೇಲೆ ಕೈ ಹಿಡಿಯಿರಿ. ನೆರಳಿನಲ್ಲಿ ಬೆರಳುಗಳು ಸ್ಪಷ್ಟವಾಗಿ ಕಂಡರೆ ಬಹುತೇಕ ಗಿಡ ಬರುತ್ತದೆ. ಮಸುಕಾಗಿ ಕಂಡರೆ ಗಟ್ಟಿ ಗಿಡಗಳು ಮಾತ್ರ. ನೆರಳೇ ಬೀಳದಿದ್ದರೆ ಅಲ್ಲಿ ಒಂದು ಒಳ್ಳೆ ಚಿತ್ರ ತೂಗುಹಾಕಿ. ಸೊಳ್ಳೆ ಜಾಲರಿ ಮತ್ತು ಎದುರಿನ ಕಟ್ಟಡ ಎಷ್ಟು ಬೆಳಕು ನುಂಗುತ್ತವೆ ಎಂಬುದು ಆಗ ಗೊತ್ತಾಗುತ್ತದೆ.

"ಕಡಿಮೆ ಬೆಳಕಿನ ಗಿಡ" ಎಂಬ ಚೀಟಿ ಅಂಟಿಸಿ ಮಾರುತ್ತಾರಲ್ವಾ, ಅಂಥ ಗಿಡ ಕತ್ತಲನ್ನು ಇಷ್ಟಪಡುವುದಿಲ್ಲ, ತಡೆದುಕೊಳ್ಳುತ್ತದೆ ಅಷ್ಟೆ. ಕೂಡಿಟ್ಟದ್ದನ್ನು ತಿಂದುಕೊಂಡು ತಿಂಗಳುಗಟ್ಟಲೆ ಹಾಗೇ ನಿಂತಿರುತ್ತದೆ. ಚೆನ್ನಾಗಿದೆ ಅಂದುಕೊಳ್ಳುವಷ್ಟರಲ್ಲಿ ಎಲೆ ಹಳದಿಯಾಗಲು ಶುರು. ಆಫೀಸುಗಳ ಕತ್ತಲೆ ಮೂಲೆಗೆ ನಾವು ಮಾಡುವ ಉಪಾಯ ಸರಳ. ಒಂದೇ ಜಾತಿಯ ಎರಡು ಗಿಡ ಇಟ್ಟುಕೊಳ್ಳುತ್ತೇವೆ. ಒಂದು ಮೂಲೆಯಲ್ಲಿ, ಇನ್ನೊಂದು ಬಾಲ್ಕನಿಯ ನೆರಳಿನಲ್ಲಿ. ಎರಡು ಮೂರು ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ಮನೆಯಲ್ಲೂ ಇದನ್ನು ಮಾಡಬಹುದು.

ಇನ್ನು ಗಿಡಗಳು. ನನ್ನ ಮೊದಲ ಆಯ್ಕೆ ಝಡ್‌ಝಡ್ ಪ್ಲಾಂಟ್. ಪೂರ್ವ ಆಫ್ರಿಕಾದ ಒಣ ಪ್ರದೇಶದ ಗಿಡ ಇದು. ಮಣ್ಣಿನ ಕೆಳಗೆ ಆಲೂಗಡ್ಡೆಯಂಥ ಗೆಡ್ಡೆಗಳಿದ್ದು, ಅವುಗಳಲ್ಲಿ ನೀರು ತುಂಬಿಟ್ಟುಕೊಳ್ಳುತ್ತದೆ. ತಿಂಗಳು ನೀರು ಮರೆತರೂ ಮುನಿಸಿಕೊಳ್ಳುವುದಿಲ್ಲ. ನಿಧಾನವಾಗಿ ಬೆಳೆಯುತ್ತದೆ, ಅದಕ್ಕೇ ಬೆಲೆಯೂ ಸ್ವಲ್ಪ ಜಾಸ್ತಿ. ಕೊಳ್ಳುವಾಗ ದಂಟನ್ನು ಬುಡದಲ್ಲಿ ಮೆಲ್ಲಗೆ ಅಲುಗಾಡಿಸಿ. ಗಟ್ಟಿಯಾಗಿರಬೇಕು. ಮೆತ್ತಗಿದ್ದರೆ ಗೆಡ್ಡೆ ಆಗಲೇ ಕೊಳೆಯುತ್ತಿದೆ, ವಾಪಸ್ ಇಡಿ.

ಸ್ನೇಕ್ ಪ್ಲಾಂಟ್ ಎರಡನೆಯದು. ಇದು ಎಲೆಯ ರಂಧ್ರಗಳನ್ನು ಮುಖ್ಯವಾಗಿ ರಾತ್ರಿ ತೆರೆಯುತ್ತದೆ, ಹಗಲಿನ ಬಿಸಿಲಿಗೆ ನೀರು ಆರಿಹೋಗಬಾರದು ಎಂದು. ಇದನ್ನೇ ಹಿಡಿದುಕೊಂಡು "ರಾತ್ರಿಯಿಡೀ ಆಮ್ಲಜನಕ ಕೊಡುತ್ತೆ, ಮಲಗುವ ಕೋಣೆಯಲ್ಲಿಡಿ" ಎಂದು ಮಾರುತ್ತಾರೆ. ರಾತ್ರಿ ಅದು ಒಳಗೆಳೆದುಕೊಳ್ಳುವುದು ಇಂಗಾಲದ ಡೈಆಕ್ಸೈಡ್. ಆಮ್ಲಜನಕ ತಯಾರಾಗಲು ಬೆಳಕು ಬೇಕೇ ಬೇಕು. ಹಳದಿ ಅಂಚಿನ ತಳಿಯ ಎಲೆ ತುಂಡು ನೆಟ್ಟರೆ ಮರಿಗಳು ಬರೀ ಹಸಿರಾಗಿ ಹುಟ್ಟುತ್ತವೆ. ಹಳದಿ ಅಂಚು ಬೇಕಿದ್ದರೆ ಬುಡ ಬಿಡಿಸಿಯೇ ನೆಡಬೇಕು.

ಗಿಡಗಳು ಮನೆಯೊಳಗಿನ ಗಾಳಿಯನ್ನು ಶುದ್ಧ ಮಾಡುತ್ತವೆ ಎಂಬ ಮಾತೂ ಹೀಗೇ. ಅದಕ್ಕೆ ಆಧಾರವಾಗಿ ತೋರಿಸುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಂಥ ಹಳೆಯ ಪ್ರಯೋಗಗಳ ಲೆಕ್ಕಗಳನ್ನೆಲ್ಲ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2019ರಲ್ಲಿ ಮತ್ತೆ ಹಾಕಿ ನೋಡಿದರು. ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ. ಕಿಟಕಿ ತೆರೆಯಿರಿ, ಅಷ್ಟೇ. ಗಿಡ ನೋಡಲು ಚೆಂದ ಎಂಬ ಕಾರಣ ಸಾಲದೇ?

ಮನಿ ಪ್ಲಾಂಟ್ ಬಗ್ಗೆ ಹೇಳಲು ಹೆಚ್ಚಿಲ್ಲ. ಗೆಣ್ಣಿನ ಕೆಳಗೆ ಕತ್ತರಿಸಿ ಬಾಟಲಿ ನೀರಿಗೆ ಇಟ್ಟರೆ ಬೇರು ಬಿಡುತ್ತದೆ. ಕರಾವಳಿಯಲ್ಲಿ ತೆಂಗಿನ ಮರ ಹತ್ತಿ ಮೊರದಗಲ ಎಲೆ ಬಿಡುವುದೂ ಇದೇ ಗಿಡ. ಕೆಳಕ್ಕೆ ಜೋತುಬಿಟ್ಟರೆ ಎಲೆ ಸಣ್ಣದಾಗುತ್ತಾ ಹೋಗುತ್ತದೆ, ಆಸರೆ ಹಿಡಿದು ಮೇಲೆ ಹತ್ತಿದರೆ ದೊಡ್ಡದಾಗುತ್ತದೆ. ಅಗ್ಲೋನಿಮಾ ಕೊಳ್ಳುವುದಾದರೆ ಹಸಿರು ಎಲೆಯದನ್ನು ಕೊಳ್ಳಿ, ಕೆಂಪು ತಳಿಗಳಿಗೆ ಬೆಳಕು ಹೆಚ್ಚು ಬೇಕು. ಅರೆಕಾ ಪಾಮ್, ಜೇಡ್, ಪೀಸ್ ಲಿಲಿಗಳನ್ನೂ ಸುಲಭ ಎಂದು ಮಾರುತ್ತಾರೆ. ಮೊದಲಿನ ಎರಡಕ್ಕೆ ಒಳ್ಳೆ ಬೆಳಕು ಬೇಕು. ಪೀಸ್ ಲಿಲಿಗೆ ನೀರು ತಪ್ಪಿದರೆ ಮೈಚೆಲ್ಲಿ ಮಲಗಿಬಿಡುತ್ತದೆ.

ಮಕ್ಕಳೋ ಬೆಕ್ಕೋ ಇರುವ ಮನೆಯವರು ಗಮನಿಸಿ. ಝಡ್‌ಝಡ್, ಮನಿ ಪ್ಲಾಂಟ್, ಅಗ್ಲೋನಿಮಾ, ಪೀಸ್ ಲಿಲಿ ಎಲ್ಲವೂ ಕೆಸುವಿನ ಬಳಗದವು. ಪತ್ರೊಡೆಗೆ ಹುಣಸೆಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದಲ್ಲ, ಅದಕ್ಕೆ ಕಾರಣವಾದ ಸೂಜಿಯಂಥ ಹರಳುಗಳು ಇವುಗಳಲ್ಲೂ ಇವೆ. ಜಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಎತ್ತರದಲ್ಲಿಡಿ, ಇಲ್ಲವೇ ಸ್ಪೈಡರ್ ಪ್ಲಾಂಟ್ ತನ್ನಿ. ಅದರಿಂದ ಇಂಥ ಅಪಾಯವಿಲ್ಲ.

ಕುಂಡದ ವಿಚಾರದಲ್ಲಿ ನಾನು ಸ್ವಲ್ಪ ಹಟಮಾರಿ. ತಳದಲ್ಲಿ ತೂತಿಲ್ಲದ ಪಿಂಗಾಣಿ ಕುಂಡ ಬೇಡ. ಉಡುಗೊರೆ ಬಂದಿದ್ದರೆ ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲೇ ಬಿಟ್ಟು ಅದರೊಳಗೆ ಇಳಿಸಿ, ನೀರು ಹಾಕುವಾಗ ಹೊರತೆಗೆಯಿರಿ. ತಳಕ್ಕೆ ಜಲ್ಲಿ ಹಾಕಿದರೆ ನೀರು ಇಳಿಯುತ್ತದೆ ಎಂಬುದು ಬರೀ ನಂಬಿಕೆ, ಜಲ್ಲಿಯ ಮೇಲಿನ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಬರೀ ಕೆಂಪು ಮಣ್ಣು ಕುಂಡದಲ್ಲಿ ಕಲ್ಲಾಗುತ್ತದೆ. ಅದಕ್ಕೆ ಅಷ್ಟೇ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅಷ್ಟೇ ಇಟ್ಟಿಗೆ ಚೂರು ಅಥವಾ ಪರ್ಲೈಟ್ ಎಂಬ ಹಗುರ ಬಿಳಿ ಕಾಳು, ಒಂದು ಹಿಡಿ ಎರೆಗೊಬ್ಬರ ಸೇರಿಸಿ. ನೀರು ಹಾಕುವ ಮುಂಚೆ ಊದುಬತ್ತಿ ಕಡ್ಡಿಯನ್ನು ಮಣ್ಣಿಗೆ ಆಳವಾಗಿ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿಕೊಂಡು ಬಂದರೆ ಇವತ್ತು ನೀರು ಬೇಡ.

ಅಪಾರ್ಟ್‌ಮೆಂಟಿನವರು ಇನ್ನೊಂದು ವಿಷಯ ವಿಚಾರಿಸಬೇಕು. ಬೋರ್‌ವೆಲ್ ನೀರಿನ ಗಡಸು ತೆಗೆಯಲು ಸಾಫ್ಟನರ್ ಹಾಕಿಸಿರುತ್ತಾರೆ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ. ಎಲೆಯ ತುದಿ ಕಂದಾಗಿ ಸುಟ್ಟಂತೆ ಆಗುತ್ತಿದ್ದರೆ ಇದರ ಮೇಲೂ ಅನುಮಾನ ಇರಲಿ. ಆರ್‌ಓ ಯಂತ್ರದ ಹೊರನೀರಿನಲ್ಲೂ ಉಪ್ಪು ಜಾಸ್ತಿ, ನೆಲ ಒರೆಸಲು ಬಳಸಿಕೊಳ್ಳಿ. ಗಿಡಕ್ಕೆ ಮಳೆನೀರು ಒಳ್ಳೆಯದು, ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ.

ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಹಿಟ್ಟು ಕಂಡರೆ ಅದು ಹಿಟ್ಟು ತಿಗಣೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇವಿನೆಣ್ಣೆಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ, ನೀರಲ್ಲಿ ಕಲಕಿ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಬೇಕು.

ದಸರಾ ರಜೆಗೆ ಎರಡು ವಾರ ಊರಿಗೆ ಹೊರಟಾಗ ಕುಂಡ ತುಂಬ ನೀರು ಸುರಿದು ಹೋಗಬೇಡಿ. ಗಿಡಗಳನ್ನು ಬಿಸಿಲು ಬೀಳುವ ಕಿಟಕಿಯಿಂದ ಸ್ವಲ್ಪ ಈಚೆ ಸರಿಸಿದರೆ ಸಾಕು. ನೀರು ಹಾಕಲಿ ಎಂದು ಪಕ್ಕದ ಮನೆಯವರಿಗೆ ಕೀಲಿಕೈ ಕೊಡುವುದೂ ಬೇಡ, ಅವರು ಪ್ರೀತಿಯಿಂದ ದಿನಾ ಹಾಕುತ್ತಾರೆ. ಪೀಸ್ ಲಿಲಿ ಇದ್ದರೆ ಅದನ್ನು ಮಾತ್ರ ಅವರ ಮನೆಯಲ್ಲಿ ಬಿಟ್ಟು ಹೋಗಿ.