ಆಜ್ಞೆಯಿಂದ ಹಾಳಾದ ಕಾರ್ಫ್ ಕೋಟೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಸೇರಿದ ಡಾರ್ಸೆಟ್‌ನಲ್ಲಿ ಪರ್ಬೆಕ್ ಗುಡ್ಡಗಳ ಸಾಲು ಒಂದೆಡೆ ತುಂಡಾಗಿ ಕಣಿವೆದಾರಿಗೆ ಎಡೆಗೊಡುತ್ತದೆ. ಆ ಕಂಡಿಯ ನಡುವೆ ಸುಮಾರು 55 ಮೀಟರ್ ಎತ್ತರದ ಒಂಟಿ ಗುಡ್ಡದ ನೆತ್ತಿಯಲ್ಲಿ ಕಾರ್ಫ್ ಕೋಟೆಯ ಅವಶೇಷಗಳಿವೆ. ಕಡಿದು ಮಾಡಿದ ಕಂಡಿ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದಲೇ ಊರಿಗೂ ಕೋಟೆಗೂ ಆ ಹೆಸರು ಬಂದಿದೆ. ಅಲ್ಲಿನ ಗೋಡೆಗಳನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಕಾಡುತ್ತದೆ: ಹಲವು ಬುರುಜುಗಳು ಹೊರಮುಖವಾಗಿ ವಾಲಿವೆ, ನೈಋತ್ಯ ಹೆಬ್ಬಾಗಿಲಿನ ಒಂದು ಪಾರ್ಶ್ವವಂತೂ ನಿಂತ ಭಂಗಿಯಲ್ಲೇ ಇಳಿಜಾರಿಗೆ ಜಾರಿ ಇನ್ನೊಂದಕ್ಕಿಂತ ಕೆಳಗೆ ನಿಂತಿದೆ. ಗಾಳಿಮಳೆಗೆ ಸವೆದ ಕಟ್ಟಡ ಹೀಗೆ ಕಾಣುವುದಿಲ್ಲ.

ಕೋಟೆ ಕಟ್ಟುವ ಮೊದಲೇ ಈ ಜಾಗಕ್ಕೆ ರಕ್ತದ ನೆನಪು ಅಂಟಿತ್ತು. 978ರಲ್ಲಿ ಹದಿಹರೆಯದ ರಾಜ ಎಡ್ವರ್ಡ್ ಕೊಲೆಯಾದದ್ದು ಇಲ್ಲಿಯೇ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ ಇಲ್ಲಿ ಕೋಟೆ ಕಟ್ಟಿಸಿದನು. ಅವನ ಮಗ ಒಂದನೇ ಹೆನ್ರಿಯ ಕಾಲದಲ್ಲಿ ಪರ್ಬೆಕ್‌ನ ಸುಣ್ಣಕಲ್ಲಿನಿಂದ 21 ಮೀಟರ್ ಎತ್ತರದ ನಡುಗೋಪುರ ಮೇಲೆದ್ದಿತು. ಮುಂದೆ ರಾಜ ಜಾನ್ ಒಳಗೆ ಸೊಗಸಾದ ಅರಮನೆಯೊಂದನ್ನು ಕಟ್ಟಿಸಿದನಾದರೂ ಅವನ ಕಾಲದ ಕಾರ್ಫ್ ಸೆರೆಮನೆಯೂ ಆಗಿತ್ತು. ತನ್ನ ಅಣ್ಣನ ಮಗಳಾದ ಬ್ರಿಟನಿಯ ಎಲೀನರಳನ್ನು ಅವನು ಇಲ್ಲಿ ಬಂಧನದಲ್ಲಿಟ್ಟಿದ್ದನು. 1202ರಲ್ಲಿ ಸೆರೆಸಿಕ್ಕ ಫ್ರೆಂಚ್ ಯೋಧರಲ್ಲಿ 22 ಮಂದಿ ಇಲ್ಲಿಯೇ ಅನ್ನನೀರಿಲ್ಲದೆ ಸತ್ತರೆಂಬುದು ಪರಂಪರೆಯಿಂದ ಬಂದ ಮಾತು. 1244ರಲ್ಲಿ ಮೂರನೇ ಹೆನ್ರಿ ನಡುಗೋಪುರಕ್ಕೆ ಸುಣ್ಣ ಬಳಿಯಲು ಆಜ್ಞಾಪಿಸಿದನು. ಗುಡ್ಡದ ಮೇಲಿನ ಆ ಬಿಳಿ ಗೋಪುರ ಸುತ್ತಲಿನ ಹಳ್ಳಿಗರ ಕಣ್ಣಿಗೆ ದಿನವೂ ರಾಜಾಧಿಕಾರವನ್ನು ಸಾರುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

1572ರಲ್ಲಿ ರಾಣಿ ಒಂದನೇ ಎಲಿಜಬೆತ್ ಕೋಟೆಯನ್ನು ತನ್ನ ಆಸ್ಥಾನಿಕ ಕ್ರಿಸ್ಟೋಫರ್ ಹ್ಯಾಟನ್‌ಗೆ ಮಾರಿದಳು. 1635ರಲ್ಲಿ ಅದು ನ್ಯಾಯಾಧೀಶ ಜಾನ್ ಬ್ಯಾಂಕ್ಸ್‌ನ ಕೈಸೇರಿತು. ಏಳೇ ವರ್ಷಗಳಲ್ಲಿ ರಾಜ ಒಂದನೇ ಚಾರ್ಲ್ಸ್ ಮತ್ತು ಪಾರ್ಲಿಮೆಂಟಿನ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. ಬ್ಯಾಂಕ್ಸ್ ರಾಜನ ಪಕ್ಷ ಹಿಡಿದು ದೂರದಲ್ಲಿದ್ದುದರಿಂದ ಕೋಟೆಯ ಹೊಣೆ ಅವನ ಹೆಂಡತಿ ಮೇರಿಯ ಮೇಲೆ ಬಿತ್ತು. 1643ರ ಬೇಸಿಗೆಯಲ್ಲಿ ಪಾರ್ಲಿಮೆಂಟ್ ಪಕ್ಷದ ಐನೂರಕ್ಕೂ ಹೆಚ್ಚು ಸೈನಿಕರು ಆರು ವಾರಗಳ ಕಾಲ ಮುತ್ತಿಗೆ ಹಾಕಿದರು. ಒಳಗಿದ್ದವರು ಸುಮಾರು ಎಂಬತ್ತು ಮಂದಿ. ಕೊನೆಯ ದಾಳಿಯಲ್ಲಿ ಮೇಲಿನ ಪ್ರಾಕಾರವನ್ನು ಕಾಯಲು ನಿಂತ ಮೇರಿ, ಅವಳ ಹೆಣ್ಣುಮಕ್ಕಳು ಮತ್ತು ದಾಸಿಯರು ಏಣಿ ಹತ್ತಿದವರ ಮೇಲೆ ಕಲ್ಲನ್ನೂ ನಿಗಿನಿಗಿ ಕೆಂಡವನ್ನೂ ಸುರಿದರು. ಮುತ್ತಿಗೆ ಮುರಿಯಿತು. ರಾಜರಾಣಿಯರ ಹೆಸರುಗಳೇ ತುಂಬಿದ ಈ ಕೋಟೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ಘಳಿಗೆ ಇದು.

ಗಂಡ ತೀರಿಕೊಂಡ ಬಳಿಕವೂ ಮೇರಿ ಎರಡನೆಯ ಮುತ್ತಿಗೆಯನ್ನು ತಡೆದುಕೊಂಡಳು. ಆದರೆ 1646ರ ಫೆಬ್ರವರಿಯಲ್ಲಿ ಕೋಟೆಯೊಳಗಿನ ಅಧಿಕಾರಿ ಪಿಟ್‌ಮನ್ ನೆರವಿನ ಪಡೆ ತರುವ ನೆಪದಲ್ಲಿ ವೇಷ ಮರೆಸಿಕೊಂಡ ಶತ್ರುಗಳನ್ನು ಒಳಗೆ ಬಿಟ್ಟನು. ಫಿರಂಗಿಗೆ ಬಗ್ಗದ ಕೋಟೆ ದ್ರೋಹಕ್ಕೆ ಬಿದ್ದಿತು.

ಮರುತಿಂಗಳೇ ಕಾರ್ಫ್ ಕೋಟೆಯನ್ನು ಕೆಡವಬೇಕೆಂದು ಪಾರ್ಲಿಮೆಂಟ್ ನಿರ್ಣಯಿಸಿತು. ಶತ್ರುಗಳು ಮತ್ತೆಂದೂ ಬಳಸದಂತೆ ಕೋಟೆಗಳನ್ನು ನಿಷ್ಪ್ರಯೋಜಕಗೊಳಿಸುವುದು ಆ ಯುದ್ಧದಲ್ಲಿ ರೂಢಿಯಾಗಿತ್ತು. ಇದಕ್ಕಾಗಿ ಗೋಡೆಯ ತಳಪಾಯವನ್ನು ಕೊರೆದು, ಸಿಡಿಮದ್ದು ತುಂಬಿ ಹಾರಿಸುತ್ತಿದ್ದರು. ಅಷ್ಟು ಮಾಡಿದರೂ ದಪ್ಪ ಗೋಡೆಗಳು ಪೂರ್ತಿ ನೆಲಕ್ಕುರುಳಲಿಲ್ಲ, ಬುಡ ಕಳೆದುಕೊಂಡು ವಾಲಿದವು. ಆ ವಾಲಿಕೆಯೇ ಇಂದು ನಮಗೆ ಕಾಣುತ್ತಿರುವುದು.

ಬಿದ್ದ ಕಲ್ಲುಗಳನ್ನು ಹಳ್ಳಿಯವರು ಹೊತ್ತೊಯ್ದು ಮನೆ ಕಟ್ಟಿಕೊಂಡರು. ಕೋಟೆಯ ಒಂದು ಪಾಲು ಈಗ ಕೆಳಗಿನ ಬೀದಿಯ ಗೋಡೆಗಳಲ್ಲಿದೆ. ಬ್ಯಾಂಕ್ಸ್ ಮನೆತನ ಕೋಟೆಯನ್ನು ಮತ್ತೆ ಎತ್ತಿನಿಲ್ಲಿಸುವ ಗೋಜಿಗೆ ಹೋಗದೆ 1660ರ ದಶಕದಲ್ಲಿ ಕಿಂಗ್‌ಸ್ಟನ್ ಲೇಸಿಯಲ್ಲಿ ಹೊಸ ಮನೆ ಕಟ್ಟಿಸಿತು. ಮೇರಿಯ ಧೈರ್ಯಕ್ಕೆ ಮನ್ನಣೆಯಾಗಿ ಗೆದ್ದವರು ಹಿಂದಿರುಗಿಸಿದರೆನ್ನಲಾದ ಕೋಟೆಯ ಬೀಗದಕೈಗಳನ್ನು ಆ ಮನೆಯಲ್ಲಿ ಕಾಪಾಡಿಕೊಂಡು ಬರಲಾಗಿದೆ. 1980ರ ದಶಕದ ಆರಂಭದಲ್ಲಿ ಮನೆಯೂ ಕೋಟೆಯೂ ಉಯಿಲಿನ ಮೂಲಕ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದವು. ಟ್ರಸ್ಟ್ ಕೋಟೆಯನ್ನು ಹೊಸದಾಗಿ ಕಟ್ಟಲು ಹೊರಟಿಲ್ಲ. ಸಿಡಿಮದ್ದು ಬಿಟ್ಟುಹೋದ ಅದೇ ಭಂಗಿಯಲ್ಲಿ ಆ ಗೋಡೆಗಳನ್ನು ಕಾಪಾಡುತ್ತಿದೆ.