ಉಪಗ್ರಹ ಕಕ್ಷೆಗೆ ಸಾಪೇಕ್ಷತೆ ಸೇರಿಸುವ ಲೆಕ್ಕ: 4.4 ಮಿ.ಮೀ. ಇಟ್ಟುಕೊಂಡು ತಾಳೆ ನೋಡುವುದು

ಭೂಮಿಯ ಸುತ್ತ ತಿರುಗುವ ಉಪಗ್ರಹದ ಕಕ್ಷೆಗಾಗಿ ಐನ್‌ಸ್ಟೈನರ ಕ್ಷೇತ್ರ ಸಮೀಕರಣಗಳನ್ನು ಬಿಡಿಸುತ್ತಾ ಕೂರಬೇಕಿಲ್ಲ. ನ್ಯೂಟನ್ನನ ಸಮೀಕರಣಕ್ಕೆ ಒಂದು ಪುಟ್ಟ ವೇಗೋತ್ಕರ್ಷ ಕೂಡಿಸಿದರೆ ಸಾಕು. ಅದು ಎಷ್ಟು ಪುಟ್ಟದು ಎಂಬುದನ್ನು ಒಂದೇ ಉದ್ದ ನಿರ್ಧರಿಸುತ್ತದೆ. ಗುರುತ್ವ ಸ್ಥಿರಾಂಕ ಮತ್ತು ಭೂಮಿಯ ದ್ರವ್ಯರಾಶಿಯ ಗುಣಲಬ್ಧವನ್ನು ‘ಗು’ ಎನ್ನೋಣ. ಗು ಅನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ 4.435 ಮಿ.ಮೀ. ಬರುತ್ತದೆ, ಅದು ನಮ್ಮ ‘ಮ’. (ಜಿಪಿಎಸ್ ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುವ ಪ್ರಸಿದ್ಧ ಲೆಕ್ಕವೇ ಬೇರೆ. ಅದು ಗಡಿಯಾರದ ತಿದ್ದುಪಡಿ, ಇಲ್ಲಿ ನೋಡುತ್ತಿರುವುದು ಕಕ್ಷೆ.)

ಕೂಡಿಸಬೇಕಾದ ಪದದಲ್ಲಿ, ಅಂದರೆ ಆ ಪುಟ್ಟ ವೇಗೋತ್ಕರ್ಷದಲ್ಲಿ, ಎರಡು ಸದಿಶಗಳಿವೆ. ಒಂದು: (4 × ಗು ÷ ದೂರ − ವೇಗದ ವರ್ಗ) × ಸ್ಥಾನ ಸದಿಶ. ಇನ್ನೊಂದು: 4 × (ಸ್ಥಾನ, ವೇಗಗಳ ಬಿಂದು ಗುಣಲಬ್ಧ) × ವೇಗ ಸದಿಶ. ಎರಡನ್ನೂ ಕೂಡಿಸಿ, ‘ಮ ÷ ದೂರದ ಘನ’ದಿಂದ ಗುಣಿಸಿ. ವೃತ್ತ ಕಕ್ಷೆಯಲ್ಲಿ ಎರಡನೆಯದು ಸೊನ್ನೆ, ಮೊದಲನೆಯದರಲ್ಲಿ 4ರಿಂದ 1 ಕಳೆದು 3 ಉಳಿಯುತ್ತದೆ. ಅಂದರೆ ನ್ಯೂಟನ್ ಸೆಳೆತದ ‘3ಮ ÷ ದೂರ’ ಪಟ್ಟು ಬಲ, ಹೊರಮುಖವಾಗಿ.

ಅಂಕಿ ಹಾಕಿ ನೋಡಲು ಲೇಜಿಯೋಸ್-1 ಉಪಗ್ರಹ ಒಳ್ಳೆಯ ಉದಾಹರಣೆ. 1976ರಲ್ಲಿ ಹಾರಿಸಿದ, 60 ಸೆಂ.ಮೀ. ವ್ಯಾಸದ, 407 ಕೆ.ಜಿ. ತೂಕದ ಗುಂಡು. ಮೈಯೆಲ್ಲ 426 ಪ್ರತಿಫಲಕಗಳು. ನೆಲದಿಂದ ಲೇಸರ್ ಬಿಟ್ಟು ದೂರ ಅಳೆಯುತ್ತಾರೆ. ಭೂಕೇಂದ್ರದಿಂದ 12,270 ಕಿ.ಮೀ. ದೂರದಲ್ಲಿ ನ್ಯೂಟನ್ ಸೆಳೆತ ಸೆಕೆಂಡಿನ ವರ್ಗಕ್ಕೆ 2.65 ಮೀಟರ್. ಸಾಪೇಕ್ಷತೆಯ ಪದ 2.9 × 10⁻⁹. ಇದರ ಮೇಲೆ ಬೀಳುವ ಬಿಸಿಲಿನ ಒತ್ತಡವೂ ಸುಮಾರು 3.6 × 10⁻⁹! ಜಿಪಿಎಸ್ ಉಪಗ್ರಹದಲ್ಲಾದರೆ ದೊಡ್ಡ ಸೌರಫಲಕಗಳ ದೆಸೆಯಿಂದ ಬಿಸಿಲೇ ನೂರಾರು ಪಟ್ಟು ಮೇಲುಗೈ. ಭಾರದ, ಸಣ್ಣ ಗುಂಡನ್ನೇ ಆರಿಸಿಕೊಳ್ಳುವುದು ಅದಕ್ಕೆ.

ಈ ಪದ ಸೇರಿಸಿ ಕಕ್ಷೆಯ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಸರಿಯಿದೆಯೇ ಎಂದು ತಿಳಿಯಲು ಮೊದಲ ಪರೀಕ್ಷೆ ಇದು. ಭೂಮಿಯನ್ನು ಪರಿಪೂರ್ಣ ಗೋಳ ಎಂದಿಟ್ಟುಕೊಂಡು, ಒಂದೇ ಆರಂಭಿಕ ಸ್ಥಾನ-ವೇಗದಿಂದ ಎರಡು ವೃತ್ತ ಕಕ್ಷೆಗಳನ್ನು ಓಡಿಸಿ: ಒಂದು ಪದ ಸೇರಿಸಿ, ಇನ್ನೊಂದು ಸೇರಿಸದೆ. ಸೇರಿಸಿದ್ದು ಪ್ರತಿ ಸುತ್ತಿಗೆ 12π × ಮ, ಅಂದರೆ 16.7 ಸೆಂ.ಮೀ. ಹಿಂದೆ ಬೀಳಬೇಕು. ಎತ್ತರ ಎಷ್ಟೇ ಇರಲಿ, ಇದೇ ಉತ್ತರ. ಲೇಜಿಯೋಸ್ ದಿನಕ್ಕೆ 6.4 ಸುತ್ತು ಹಾಕುವುದರಿಂದ ದಿನಕ್ಕೆ ಸುಮಾರು 1.07 ಮೀಟರ್. 22 ಸೆಂ.ಮೀ. ಬಂತೇ? ಹಾಗಿದ್ದರೆ ಆವರಣದೊಳಗಿನ ವೇಗದ ವರ್ಗ ಕಳೆಯುವುದು ಬಿಟ್ಟುಹೋಗಿದೆ, 3ರ ಬದಲು 4 ಉಳಿದಿದೆ. ಭೂಮಿಯ ಜೊತೆ ತಿರುಗುವ ಚೌಕಟ್ಟಿನ ವೇಗವನ್ನು ಹಾಕಿದರೂ ಲೆಕ್ಕ ಕೆಡುತ್ತದೆ: ಭೂಸ್ಥಿರ ಉಪಗ್ರಹಕ್ಕೆ ಆ ವೇಗ ಸೊನ್ನೆ, ಆಗಲೂ ಬರುವುದು 4. ಬೇಕಾದದ್ದು ನಕ್ಷತ್ರಗಳ ಹಿನ್ನೆಲೆಗೆ ಹೋಲಿಸಿದ ವೇಗ. ಉತ್ತರ ಬರೀ ಗದ್ದಲವಾದರೆ, ಕಕ್ಷೆಯನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಇಂಟಿಗ್ರೇಟರಿನ ಸಾಪೇಕ್ಷ ಸಹಿಷ್ಣುತೆಯನ್ನು (ಬೆಲೆಗೆ ಹೋಲಿಸಿದರೆ ಪ್ರತಿ ಹೆಜ್ಜೆಯಲ್ಲಿ ಎಷ್ಟು ತಪ್ಪನ್ನು ಬಿಡಬಹುದು ಎಂಬುದನ್ನು) ನೋಡಿ. 10⁻⁶ರಲ್ಲಿಟ್ಟು 10⁻⁹ರ ಪರಿಣಾಮ ಹುಡುಕಿದರೆ ಸಿಗುವುದಿಲ್ಲ. 10⁻¹³ಕ್ಕೆ ಇಳಿಸಿ.

ಆದರೆ ಈ ಒಂದು ಮೀಟರನ್ನು ‘ಸಾಪೇಕ್ಷತೆ ಬಿಟ್ಟರೆ ದಿನಕ್ಕೆ ಮೀಟರ್ ತಪ್ಪು’ ಎಂದು ಓದಬೇಡಿ. ನಿಜವಾದ ಕೆಲಸದಲ್ಲಿ ಆರಂಭಿಕ ಸ್ಥಿತಿಯನ್ನು ಮಾಪನಗಳಿಗೆ ಹೊಂದಿಸುತ್ತೇವೆ, ಸುತ್ತುವ ಅವಧಿ ಮಾಪನದಿಂದಲೇ ಗಟ್ಟಿಯಾಗಿರುತ್ತದೆ. ಹೀಗೆ ಹೊಂದಿಸಿದ ಮೇಲೆ ವೃತ್ತ ಕಕ್ಷೆಯಲ್ಲಿ ಉಳಿಯುವ ವ್ಯತ್ಯಾಸ ತ್ರಿಜ್ಯದಲ್ಲಿ ಮಾತ್ರ: ಸರಿಯಾಗಿ ಒಂದು ‘ಮ’, 4.4 ಮಿ.ಮೀ. ಕಡಿಮೆ.

ಇಲ್ಲೇ ಅನೇಕರು ಎಡವುವುದು. ಸಾಪೇಕ್ಷತೆಯಲ್ಲಿ ದೂರವನ್ನು ಗುರುತಿಸುವ ಕ್ರಮಗಳು ಒಂದಕ್ಕಿಂತ ಹೆಚ್ಚು. ಪಠ್ಯಪುಸ್ತಕದ ಶ್ವಾರ್ಟ್ಸ್‌ಚೈಲ್ಡ್ ನಿರ್ದೇಶಾಂಕಗಳಲ್ಲಿ ವೃತ್ತ ಕಕ್ಷೆ ಕೆಪ್ಲರನ ಮೂರನೇ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತದೆ, ಆ 4.4 ಮಿ.ಮೀ. ಮಾಯ. ಮೇಲಿನ ಪದ ಇರುವುದು ಹಾರ್ಮೋನಿಕ್ ಎಂಬ ಇನ್ನೊಂದು ಬಗೆಯ ನಿರ್ದೇಶಾಂಕಗಳಲ್ಲಿ, ಅಲ್ಲಿನ ತ್ರಿಜ್ಯವೇ ಒಂದು ‘ಮ’ದಷ್ಟು ಚಿಕ್ಕದು. ಎರಡೂ ಸರಿ, ಬೆರೆಸಿದರೆ ತಪ್ಪು. ಬೆಳಕು ಭೂಮಿಯ ಬಳಿ ತಡವಾಗುವ ಶಪಿರೊ ತಿದ್ದುಪಡಿಯೂ ಅದೇ ನಿರ್ದೇಶಾಂಕಗಳಲ್ಲಿರಬೇಕು. ಲೇಜಿಯೋಸ್ ನೆತ್ತಿಯ ಮೇಲಿದ್ದಾಗ ಅದು ಒಂದು ದಾರಿಗೆ 5.8 ಮಿ.ಮೀ., ದಿಗಂತದಿಂದ 20 ಡಿಗ್ರಿ ಎತ್ತರದಲ್ಲಿದ್ದಾಗ 8.8. ಕಕ್ಷೆಗೆ ಪದ ಸೇರಿಸಿ ಇದನ್ನು ಬಿಟ್ಟರೆ ಅರ್ಧ ಕೆಲಸವಷ್ಟೇ ಆಯಿತು. ಜೊತೆಗೆ ಗು ಬೆಲೆ ಯಾವ ಕಾಲಮಾನದ್ದು ಎಂದೂ ನೋಡಿ: ಭೂಕೇಂದ್ರೀಯ ನಿರ್ದೇಶಾಂಕ ಕಾಲಕ್ಕೆ (ಭೂಮಿಯ ಗುರುತ್ವದಿಂದ ದೂರವಿರುವ ಗಡಿಯಾರದ ಕಾಲ) 3.986004418 × 10¹⁴, ಭೂಕಾಲಕ್ಕೆ (ಸಮುದ್ರಮಟ್ಟದ ಗಡಿಯಾರದ ಕಾಲ) ಕೊನೆಯ ಅಂಕಿ 8ರ ಬದಲು 5. ಅದಲುಬದಲಾದರೆ ಲೇಜಿಯೋಸ್ ಸುಮಾರು 3 ಮಿ.ಮೀ. ಸರಿಯುತ್ತದೆ.

ಎರಡನೇ ಪರೀಕ್ಷೆ ಪೆರಿಜಿಯ, ಅಂದರೆ ಕಕ್ಷೆಯಲ್ಲಿ ಭೂಮಿಗೆ ಅತಿ ಹತ್ತಿರದ ಬಿಂದುವಿನ, ಜರುಗುವಿಕೆ. ಲೇಜಿಯೋಸ್-1ಕ್ಕೆ ವರ್ಷಕ್ಕೆ 3.28 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 3,600 ಆರ್ಕ್‌ಸೆಕೆಂಡ್) ಬರಬೇಕು. ಅದರ ಉತ್ಕೇಂದ್ರತೆ (ಕಕ್ಷೆ ವೃತ್ತದಿಂದ ಎಷ್ಟು ಚಪ್ಪಟೆಯಾಗಿದೆ ಎಂಬ ಅಳತೆ) ಬರೀ 0.0045 ಆದ್ದರಿಂದ ಪೆರಿಜಿ ಎಲ್ಲಿದೆಯೆಂದು ಹೇಳುವುದೇ ಕಷ್ಟ. ಪರೀಕ್ಷೆಗೆ 0.2 ಇಟ್ಟುಕೊಳ್ಳಿ, ಸಾವಿರ ಸುತ್ತಿಗೆ 1.46 ಆರ್ಕ್‌ಸೆಕೆಂಡ್ ಬಂದರೆ ಸರಿ.

ಕೊನೆಗೆ ಭೂಮಿಯ ತಿರುಗುವಿಕೆಯ ಪರಿಣಾಮ, ಲೆನ್ಸ್-ಥಿರಿಂಗ್. ಲೇಜಿಯೋಸಿನ ಕಕ್ಷಾತಲವನ್ನು ಇದು ವರ್ಷಕ್ಕೆ 31 ಮಿಲಿ ಆರ್ಕ್‌ಸೆಕೆಂಡ್, ಅಂದರೆ ಕಕ್ಷೆಯಲ್ಲಿ ಸುಮಾರು 1.8 ಮೀಟರ್ ತಿರುಗಿಸುತ್ತದೆ. ಕೋಡಿಗೆ ಇನ್ನೊಂದು ಸಾಲು ಸೇರಿಸುವುದು ಸುಲಭ. ಮಾಪನದಲ್ಲಿ ಕಾಣುವುದು ಕಷ್ಟ. ಸಮಭಾಜಕದ ಉಬ್ಬು ಅದೇ ತಲವನ್ನು ವರ್ಷಕ್ಕೆ ಸುಮಾರು 126 ಡಿಗ್ರಿ ತಿರುಗಿಸುತ್ತಿರುತ್ತದೆ, ಅಂದರೆ ಕೋಟಿಗೂ ಮೀರಿದ ಪಟ್ಟು. ಉಬ್ಬಿನ ಪರಿಣಾಮ ವಾಲಿಕೆಯ (ಕಕ್ಷಾತಲ ಸಮಭಾಜಕದ ತಲಕ್ಕೆ ವಾಲಿರುವ ಕೋನದ) ಕೊಸೈನನ್ನು ಅವಲಂಬಿಸಿದೆ, ಲೆನ್ಸ್-ಥಿರಿಂಗ್ ಅವಲಂಬಿಸಿಲ್ಲ. ಹಾಗಾಗಿ ಲೇಜಿಯೋಸಿನ 109.8 ಡಿಗ್ರಿಗೆ ಜೋಡಿಯಾಗಿ, 180ರಿಂದ ಕಳೆದರೆ ಬರುವ 70.2 ಡಿಗ್ರಿಯಲ್ಲಿ, ಅದೇ ಎತ್ತರಕ್ಕೆ ಇನ್ನೊಂದು ಗುಂಡು ಹಾರಿಸಿ ಎರಡರ ತಿರುಗುವಿಕೆ ಕೂಡಿಸಿದರೆ ಉಬ್ಬು ರದ್ದಾಗಿ ಸಾಪೇಕ್ಷತೆ ಇಮ್ಮಡಿಯಾಗುತ್ತದೆ. ಇಟಲಿಯ ಭೌತವಿಜ್ಞಾನಿ ಇಗ್ನಾಜಿಯೊ ಚುಫೊಲೀನಿ 1980ರ ದಶಕದಲ್ಲಿ ಸೂಚಿಸಿದ್ದ ಈ ಜೋಡಿ 2022ರ ಜುಲೈಯಲ್ಲಿ ಯುರೋಪಿನ ವೆಗಾ-ಸಿ ರಾಕೆಟ್ ಲಾರೆಸ್-2 ಎಂಬ ಗುಂಡನ್ನು ಹೊತ್ತೊಯ್ದಾಗ ಪೂರ್ತಿಯಾಯಿತು.