ಮರುಮದುವೆಯಾದರೆ ತಾಯಿಯ ಪಾಲಿನ ಆಸ್ತಿ ಹಿಂದಕ್ಕೆ ಹೋಗುತ್ತದೆಯೇ?

ಪ್ರಶ್ನೆ: ರೈಲ್ವೆ ನೌಕರರಾಗಿದ್ದ ನಮ್ಮ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅವರು ದುಡಿದು ಮಾಡಿದ ಮನೆ ಮತ್ತು ಜಮೀನಿನಲ್ಲಿ ನಮ್ಮಿಬ್ಬರು ಮಕ್ಕಳ ಜೊತೆಗೆ ತಾಯಿಗೂ ಪಾಲು ಬಂದಿದೆ. ಸರ್ಕಾರಿ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದ ತಾಯಿಗೆ ಈಗ 61 ವರ್ಷ. ಪರಿಚಯದ ವಿಧುರರೊಬ್ಬರನ್ನು ಮದುವೆಯಾಗುವ ಯೋಚನೆಯಲ್ಲಿದ್ದಾರೆ. ಹಾಗೆ ಮಾಡಿದರೆ ತಂದೆಯಿಂದ ಬಂದ ಪಾಲನ್ನು ಬಿಟ್ಟುಕೊಡಬೇಕಾಗುತ್ತದೆ ಎಂದು ಚಿಕ್ಕಪ್ಪ ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಈ ಪ್ರಶ್ನೆ ಊರಿನ ಹೆಸರು ಮತ್ತು ಎಕರೆಗಳ ಲೆಕ್ಕವನ್ನಷ್ಟೇ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುತ್ತದೆ. ಕೆಲವು ಪತ್ರಗಳಲ್ಲಿ ಚಿಕ್ಕಪ್ಪನ ಜಾಗದಲ್ಲಿ ಸೋದರತ್ತೆ ಇರುತ್ತಾರೆ. ಗಂಡ ತೀರಿಕೊಂಡ ದಿನ ಹೆಂಡತಿಗೆ ವಾರಸುದಾರಳಾಗಿ ಬಂದ ಆಸ್ತಿ ಆಕೆಯ ಸ್ವಂತದ್ದು. ಅನಂತರ ಆಕೆ ಮದುವೆಯಾದರೂ ಆಗದಿದ್ದರೂ ಅದರಲ್ಲಿ ಒಂದು ಗುಂಟೆಯೂ ಹಿಂದಕ್ಕೆ ಹೋಗುವುದಿಲ್ಲ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಿದಾಗಲೆಲ್ಲ ‘ಆದರೂ ನಮ್ಮ ಹಿರಿಯರು ಹೇಳುವ ಪ್ರಕಾರ’ ಎಂದು ಶುರುವಾಗುವ ಇನ್ನೊಂದು ಪತ್ರ ಬರುವುದರಿಂದ, ಹಿರಿಯರು ಹೇಳುತ್ತಿರುವುದು ಎಲ್ಲಿಂದ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ.

ಈಶ್ವರಚಂದ್ರ ವಿದ್ಯಾಸಾಗರರ ಪ್ರಯತ್ನದಿಂದ 1856ರಲ್ಲಿ ಬಂದ ಹಿಂದೂ ವಿಧವಾ ಪುನರ್ವಿವಾಹ ಕಾಯಿದೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರ ಎರಡನೆಯ ಕಲಮನ್ನು ಮಾತ್ರ ಯಾರೂ ಓದಿಸಲಿಲ್ಲ. ಮದುವೆಯಾಗುವ ಸ್ವಾತಂತ್ರ್ಯ ಕೊಟ್ಟ ಅದೇ ಕಾಯಿದೆ, ಮದುವೆಯಾದ ಕೂಡಲೇ ಮೊದಲ ಗಂಡನ ಆಸ್ತಿಯಲ್ಲಿ ಆಕೆಗಿದ್ದ ಹಕ್ಕು, ಆಕೆ ಆಗಲೇ ಸತ್ತುಹೋದಳೋ ಎಂಬಂತೆ, ಕೊನೆಗೊಳ್ಳುತ್ತದೆ ಎಂದಿತು. ‘ಸತ್ತಂತೆ’ ಎಂಬುದು ನನ್ನ ಅಲಂಕಾರವಲ್ಲ, ಕಾಯಿದೆಯ ಮಾತೇ ಹಾಗಿದೆ. ಅಂದಿನ ವಿಧವೆಗೆ ಇದ್ದದ್ದು ಬದುಕಿರುವವರೆಗೆ ಅನುಭವಿಸುವ ಸೀಮಿತ ಹಕ್ಕು ಮಾತ್ರ. ಮಾರುವಂತಿರಲಿಲ್ಲ, ತನಗೆ ಬೇಕಾದವರಿಗೆ ಕೊಡುವಂತಿರಲಿಲ್ಲ. ಅಂಥ ಹಕ್ಕನ್ನು ಮರುಮದುವೆಯ ದಿನ ಕಿತ್ತುಕೊಳ್ಳುವುದು ಅಂದಿನವರಿಗೆ ಸಹಜವಾಗಿಯೇ ಕಂಡಿತ್ತು. ನಮ್ಮಲ್ಲಿ ಉಡಿಕೆ, ಕೂಡಿಕೆ ಎಂಬ ಹೆಸರುಗಳಲ್ಲಿ ವಿಧವೆಯರು ಮತ್ತೆ ಸಂಸಾರ ಹೂಡುವ ರೂಢಿ ಅನೇಕ ಸಮುದಾಯಗಳಲ್ಲಿ ಆ ಕಾಯಿದೆಗಿಂತ ಮೊದಲೇ ಇತ್ತು. ಅಲ್ಲಿಯೂ ಸಾಮಾನ್ಯವಾಗಿ ಆಕೆ ಮೊದಲ ಗಂಡನ ಮನೆಯ ಆಸ್ತಿಯನ್ನು ಅಲ್ಲೇ ಬಿಟ್ಟು ಹೊರಡಬೇಕಾಗುತ್ತಿತ್ತು. ನಿಮ್ಮ ಚಿಕ್ಕಪ್ಪ ಹೇಳುತ್ತಿರುವುದು ಈ ಎರಡರ ನೆನಪನ್ನೇ.

ಆ ನೆನಪಿಗೆ ಕಾನೂನಿನ ಬಲ ಹೋಗಿ ಬಹಳ ಕಾಲವಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಮು ಹಿಂದೂ ಮಹಿಳೆಯ ಆಸ್ತಿಯನ್ನು ಪೂರ್ಣ ಒಡೆತನದ ಆಸ್ತಿ ಎಂದು ಸಾರಿತು. 4ನೇ ಕಲಮು ತನಗೆ ವಿರುದ್ಧವಾದ ಹಳೆಯ ನಿಯಮ, ರೂಢಿ, ಪದ್ಧತಿಗಳನ್ನೆಲ್ಲ ಬದಿಗಿಟ್ಟಿತು. ಪೂರ್ಣ ಒಡೆತನ ಎಂದ ಮೇಲೆ ಅದು ಮದುವೆಯ ದಿನಕ್ಕೆ ಅರ್ಧವಾಗುವುದಿಲ್ಲ, ಮುಕ್ಕಾಲೂ ಆಗುವುದಿಲ್ಲ. 1856ರ ಕಾಯಿದೆಯನ್ನಂತೂ 1983ರಲ್ಲಿ ಸಂಸತ್ತು ರದ್ದುಪಡಿಸಿತು. ಆಮೇಲೂ ಕೇರಳದ ಒಂದು ಕುಟುಂಬದಲ್ಲಿ ಇದೇ ತಕರಾರು ಎದ್ದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಗಂಡನಿಂದ ಬಂದ ಆಸ್ತಿಯನ್ನು ವಿಧವೆ ಮರುಮದುವೆಯ ಕಾರಣಕ್ಕೆ ಕಳೆದುಕೊಳ್ಳುವುದಿಲ್ಲ ಎಂದು 2008ರಲ್ಲಿ ತೀರ್ಪಾಯಿತು.

ಸ್ವಲ್ಪ ಓದಿಕೊಂಡ ಚಿಕ್ಕಪ್ಪಂದಿರು ಇಲ್ಲಿ 1956ರ ಕಾಯಿದೆಯ 24ನೇ ಕಲಮನ್ನು ಮುಂದಿಡುತ್ತಾರೆ. ಆ ಕಲಮು ಇದ್ದದ್ದು ನಿಜ. ಆದರೆ ಅದು ಹೇಳಿದ್ದು ಮೊದಲೇ ತೀರಿಹೋದ ಮಗನ ವಿಧವೆ, ಅಂಥ ಮೊಮ್ಮಗನ ವಿಧವೆ ಮತ್ತು ಸಹೋದರನ ವಿಧವೆಯ ಬಗ್ಗೆ. ಅದೂ ಮಾವನೋ ಮೈದುನನೋ ಸಾಯುವ ಹೊತ್ತಿಗೆ ಅವರು ಮರುಮದುವೆಯಾಗಿದ್ದರೆ ಮಾತ್ರ. ಸತ್ತವನ ಸ್ವಂತ ಹೆಂಡತಿ ಆ ಪಟ್ಟಿಯಲ್ಲಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಗಂಡನ ಸಾವಿನ ಕ್ಷಣದಲ್ಲಿ ವಾರಸು ತೆರೆಯುತ್ತದೆ. ಆ ಕ್ಷಣಕ್ಕೇ ಆತನ ವಿಧವೆ ಮರುಮದುವೆಯಾಗಿರುವುದು ಹೇಗೆ? ಆ ಕಲಮನ್ನೂ 2005ರ ತಿದ್ದುಪಡಿ ತೆಗೆದುಹಾಕಿದೆ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ಪ್ರಮಾಣ ಬೇರೆಯಾದರೂ, ಒಮ್ಮೆ ಬಂದ ಪಾಲು ಮರುಮದುವೆಯಿಂದ ಹೋಗುವುದಿಲ್ಲ.

ಪಾಲು ಹೋಗುವ ದಾರಿಗಳು ಬೇರೆ ಇವೆ. ಗಂಡ ಉಯಿಲು ಬರೆದು, ಅದರಲ್ಲಿ ‘ಮರುಮದುವೆಯಾಗುವವರೆಗೆ ಮಾತ್ರ ಅನುಭವಿಸತಕ್ಕದ್ದು’ ಎಂಬಂಥ ಷರತ್ತು ಇಟ್ಟಿದ್ದರೆ ಆ ಉಯಿಲನ್ನು ವಕೀಲರಿಗೆ ತೋರಿಸಲೇಬೇಕು. ನಿಮ್ಮ ತಂದೆ ಉಯಿಲು ಬರೆದಿಲ್ಲವಾದ್ದರಿಂದ ನಿಮಗೆ ಆ ಚಿಂತೆ ಇಲ್ಲ. ಇನ್ನೊಂದು ದಾರಿ ಹಕ್ಕು ಬಿಡುಗಡೆ ಪತ್ರ. ‘ಹೇಗೂ ಹೋಗುವ ಪಾಲು, ಮರ್ಯಾದೆಯಿಂದ ಬರೆದುಕೊಟ್ಟುಬಿಡು’ ಎಂದು ಹೇಳಿ ಮದುವೆಗೆ ಮೊದಲು ಉಪನೋಂದಣಾಧಿಕಾರಿಗಳ ಕಚೇರಿಗೆ ಕರೆದೊಯ್ಯುವವರಿದ್ದಾರೆ. ಹಾಗೆ ನೋಂದಾಯಿಸಿದ ಪತ್ರವನ್ನು ಮುರಿಯಬೇಕಾದರೆ ಮೋಸವನ್ನೋ ಬಲವಂತವನ್ನೋ ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಾಗುತ್ತದೆ. ಈ ಸುಳ್ಳು ಇಷ್ಟು ಕಾಲ ಬಾಳಿರುವುದು ಬರೀ ಅಜ್ಞಾನದಿಂದಲ್ಲ, ಅದರಿಂದ ಕೆಲವರಿಗೆ ಲಾಭವೂ ಇದೆ ಎಂದು ನಾನು ನಂಬುವುದು ಇದಕ್ಕೇ. ತಾಯಿಯ ಹೆಸರಿಗೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದಿದ್ದರೆ ಮದುವೆಯ ಮಾತಿಗಿಂತ ಮೊದಲು ಅದನ್ನು ಮಾಡಿಸಿ. ಪಹಣಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಹಕ್ಕಿಲ್ಲ ಎಂದಾಗುವುದಿಲ್ಲ, ಆದರೆ ಹೆಸರಿದ್ದರೆ ವಾದಿಸುವವರ ದನಿ ತಗ್ಗುತ್ತದೆ.

ನೀವು ಕೇಳದ, ಆದರೆ ಕೇಳಬೇಕಾಗಿದ್ದ ವಿಷಯ ಪಿಂಚಣಿ. ತಂದೆಯ ಸೇವೆಯ ಲೆಕ್ಕದಲ್ಲಿ ತಾಯಿಗೆ ಬರುತ್ತಿರುವ ಕುಟುಂಬ ಪಿಂಚಣಿ ಮರುಮದುವೆಯೊಂದಿಗೆ ನಿಲ್ಲುತ್ತದೆ. ಮಕ್ಕಳಿಲ್ಲದ ವಿಧವೆಗೆ, ಆಕೆಯ ಸ್ವಂತ ವರಮಾನ ನಿಗದಿತ ಮಿತಿಯೊಳಗಿದ್ದರೆ, ಕೇಂದ್ರದ ನಿಯಮಗಳಲ್ಲಿ ವಿನಾಯಿತಿ ಇದೆ. ಇಬ್ಬರು ಮಕ್ಕಳ ತಾಯಿಗೆ ಅದು ಅನ್ವಯಿಸುವುದಿಲ್ಲ. ಶಿಕ್ಷಕಿಯಾಗಿ ದುಡಿದು ಗಳಿಸಿದ ಅವರ ಸ್ವಂತ ಪಿಂಚಣಿಯನ್ನು ಮಾತ್ರ ಮದುವೆ ಮುಟ್ಟುವುದಿಲ್ಲ. ಮದುವೆಯ ವಿಷಯ ಮುಚ್ಚಿಟ್ಟು ಕುಟುಂಬ ಪಿಂಚಣಿ ಪಡೆಯುತ್ತಾ ಹೋದರೆ, ಗೊತ್ತಾದ ದಿನ ಅಷ್ಟನ್ನೂ ವಸೂಲಿ ಮಾಡಲಾಗುತ್ತದೆ. ಇದೇ ಕಾರಣಕ್ಕೆ ಕೆಲವು ಹಿರಿಯರು ಮದುವೆಯಾಗದೆ ಜೊತೆಗಿರುವ ದಾರಿ ಹಿಡಿಯುತ್ತಾರೆ. ಅದು ಅಪರಾಧವೇನಲ್ಲ, ಆದರೆ ಉಯಿಲಿಲ್ಲದಿದ್ದರೆ ಅಂಥ ಸಂಗಾತಿಗೆ ವಾರಸಿನಿಂದ ಏನೂ ಬರುವುದಿಲ್ಲ. ಮದುವೆಯಾಗುವ ವಿಧುರರು ಸರ್ಕಾರಿ ಪಿಂಚಣಿದಾರರಾಗಿದ್ದರೆ ಲೆಕ್ಕ ಇನ್ನೊಂದು ಕಡೆಗೆ ತಿರುಗುತ್ತದೆ: ನಿವೃತ್ತಿಯ ನಂತರ ಮದುವೆಯಾದ ಸಂಗಾತಿಗೂ ಕುಟುಂಬ ಪಿಂಚಣಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅವರ ಪಿಂಚಣಿ ದಾಖಲೆಯಲ್ಲಿ ತಾಯಿಯ ಹೆಸರನ್ನು ತಡಮಾಡದೆ ಸೇರಿಸಬೇಕು.

ಇಂಥ ಪತ್ರಗಳಲ್ಲಿ ಕಾನೂನಿನ ಪ್ರಶ್ನೆಯ ಕೆಳಗೆ ಸಾಮಾನ್ಯವಾಗಿ ಇನ್ನೊಂದು ಸಂಕಟ ಇರುತ್ತದೆ. ಅಪ್ಪನ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ ಎಂಬ ನೋವನ್ನು ಬಾಯಿಬಿಟ್ಟು ಹೇಳಲಾಗದ ಮಕ್ಕಳು ಸರ್ವೆ ನಂಬರಿನ ಬಗ್ಗೆ ಜಗಳವಾಡುತ್ತಾರೆ. ಆ ನೋವು ತಪ್ಪಲ್ಲ. ಅದನ್ನು ನೋವೆಂದೇ ತಾಯಿಗೆ ಹೇಳಿದರೆ ಅವರು ಉತ್ತರಿಸಬಲ್ಲರು, ಆಸ್ತಿಯ ಬೆದರಿಕೆಗೆ ಉತ್ತರಿಸಲಾರರು. ‘ಹೊತ್ತು ಹೋಗದಿದ್ದರೆ ಮಕ್ಕಳಿಗೆ ಮನೆಪಾಠ ಹೇಳಲಿ’ ಎಂಬಂಥ ಸಲಹೆ ಮನಸ್ಸಿನಲ್ಲಿದ್ದರೆ ಅದನ್ನೂ ಕೈಬಿಡಿ. ಆಯುಷ್ಯವೆಲ್ಲ ಪಾಠ ಹೇಳಿದವರಿಗೆ ಕೆಲಸದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸಂಜೆ ಆರರ ಮೇಲೆ ಮಾತಾಡಲು ಒಬ್ಬರು ಬೇಕು ಎನ್ನುವವರಿಗೆ ಹಾಜರಿ ಪುಸ್ತಕ ಕೊಟ್ಟು ಏನು ಪ್ರಯೋಜನ?

ಚಿಕ್ಕಪ್ಪನ ಭಯದಲ್ಲಿ ಒಂದು ಎಳೆ ನಿಜವಿದೆ. ಅದನ್ನು ಅವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ. ಮರುಮದುವೆಯಾದ ತಾಯಿ ಮುಂದೆ ಉಯಿಲು ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೇ ಕಲಮಿನ ಪ್ರಕಾರ ಆಗ ಬದುಕಿರುವ ಗಂಡ ಮತ್ತು ಆಕೆಯ ಮಕ್ಕಳು ಸಮಪಾಲು ಪಡೆಯುತ್ತಾರೆ. ಅಂದರೆ ನಿಮ್ಮ ತಂದೆಯಿಂದ ತಾಯಿಗೆ ಬಂದ ಪಾಲಿನಲ್ಲಿ ಮೂರನೇ ಒಂದು ಭಾಗ ಎರಡನೆಯ ಗಂಡನಿಗೆ, ಅವರ ನಂತರ ಅವರ ವಾರಸುದಾರರಿಗೆ ಹೋಗಬಹುದು. ಆ ವಿಧುರರ ಮೊದಲ ಮದುವೆಯ ಮಕ್ಕಳಿಗೆ ನಿಮ್ಮ ತಾಯಿಯ ಆಸ್ತಿಯಲ್ಲಿ ನಿಮ್ಮ ಜೊತೆಗೆ ನೇರ ಪಾಲು ಇರುವುದಿಲ್ಲ. ತಾಯಿಗೆ ಮಕ್ಕಳೇ ಇಲ್ಲದಿದ್ದರೆ ಮಾತ್ರ ಆ ಆಸ್ತಿ ಮೊದಲ ಗಂಡನ ವಾರಸುದಾರರಿಗೆ ಮರಳುತ್ತಿತ್ತು.

ಇದಕ್ಕೆ ಪರಿಹಾರ ಮದುವೆ ತಡೆಯುವುದಲ್ಲ, ಉಯಿಲು. ಅದನ್ನು ಯಾರ ಹೆಸರಿಗೆ ಬರೆಯಬೇಕೆಂಬುದು ತಾಯಿಯ ಇಷ್ಟ, ನಿಮ್ಮದಲ್ಲ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಲೇಸು. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಆಸ್ತಿ ಪಡೆಯಲಿರುವ ಯಾರೂ ಆ ಇಬ್ಬರಲ್ಲಿ ಇರದಂತೆ ನೋಡಿಕೊಳ್ಳಿ. ತಾಯಿ ಈಗಾಗಲೇ ಉಯಿಲು ಬರೆದಿಟ್ಟಿದ್ದರೆ, ಹಿಂದೂಗಳ ಮಟ್ಟಿಗೆ ಅದು ಮರುಮದುವೆಯಿಂದ ರದ್ದಾಗುವುದಿಲ್ಲ. ಕ್ರೈಸ್ತರಲ್ಲಿ ರದ್ದಾಗುತ್ತದೆ, ಅವರು ಮದುವೆಯ ನಂತರ ಹೊಸದಾಗಿ ಬರೆಯಬೇಕು.